ಹದಿನಾಲ್ಕನೆಯ ಪ್ರಶ್ನೆ

ನವೆಂಬರ್ 20, 2023

ಎರಡು ಪುಸ್ತಕ ಇಟ್ಟುಕೋ ಎಂದು ನನ್ನ ಗೈಡ್ ಚಂದ್ರಕಾಂತ ಸರ್ ಹೇಳಿದ್ದಾರೆ. ಒಂದರಲ್ಲಿ ಜನ ಹೇಳಿದ್ದು, ಇನ್ನೊಂದರಲ್ಲಿ ನನಗಾದದ್ದು. "ಎರಡನ್ನೂ ಬೆರೆಸಿದರೆ ಪ್ರಬಂಧವೂ ಕೆಡುತ್ತೆ, ನೀನೂ ಕೆಡುತ್ತೀಯ ಸಂಯುಕ್ತಾ" ಎಂದು ನಕ್ಕರು. ಇದು ಎರಡನೆಯದು. ನಿನ್ನೆ ಅಬಿಡ್ಸ್ ಪೇಟೆಯಲ್ಲಿ ಕೊಂಡದ್ದು.

ಯಾರೂ ಓದದ ಪುಸ್ತಕವಾದ್ದರಿಂದ ಹೊರಗೆ ಯಾರಿಗೂ ಹೇಳದ ಮಾತಿನಿಂದಲೇ ಶುರುಮಾಡುತ್ತೇನೆ. ನನಗೀಗ ಏಳು ವಾರದ ಬಸಿರು. ಗಂಡ ಪವನನಿಗೆ ಗೊತ್ತು, ಅಮ್ಮನಿಗೆ ಗೊತ್ತು, ಅಷ್ಟೇ. ಹೋದ ಸಲ ಎಲ್ಲರಿಗೂ ಹೇಳಿಕೊಂಡು ಬಂದೆ. ಒಂಬತ್ತನೆಯ ವಾರದಲ್ಲಿ ಹೋಯಿತು. ಆಮೇಲೆ ಅದನ್ನೂ ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳಬೇಕಾಯಿತು. ಈ ಸಲ ಬೇಡ.

ಇವತ್ತು ಕ್ಷೇತ್ರಕಾರ್ಯದ ಮೊದಲ ದಿನ. ಉಪ್ಪಲ್‌ನಿಂದ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಮಿಯಾಪುರದಿಂದ ಶೇರ್ ಆಟೋದಲ್ಲಿ ಲಿಂಗಂಪಲ್ಲಿ. ಅಲ್ಲಿ ಸ್ಟೇಷನ್ನಿನ ಆಚೆ ಎರಡು ದೊಡ್ಡ ಕಟ್ಟಡಗಳು ಏಳುತ್ತಿವೆ. ಅವುಗಳ ಬೆನ್ನಿಗೆ ನಲವತ್ತು ತಗಡಿನ ಶೆಡ್ಡು. ಎಲ್ಲರೂ ಯಾದಗಿರಿ ಕಡೆಯವರು. ಊರು ಬಿಟ್ಟು ಬಂದವರ ಜೊತೆ ಮಾಟದ ಭಯವೂ ಊರು ಬಿಟ್ಟು ಬರುತ್ತದೆಯೇ ಎಂಬುದು ನನ್ನ ವಿಷಯ.

ಅಂಬಣ್ಣ ಎಂಬುವರು ಇವರಿಗೆಲ್ಲ ಮೇಸ್ತ್ರಿ. ಅವರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಕನ್ನಡ ಕೇಳಿ ಮುಖ ಅರಳಿತು, ವಿಷಯ ಕೇಳಿ ಮುದುಡಿತು.

"ಬರ್ರಿ ಅಕ್ಕಾರ, ನಮ್ಮವರೇ ಇದ್ದೀರಿ. ಆದ್ರ ಭಾನಾಮತಿ ಬಗ್ಗೆ ಯಾಕ ಕೇಳತೀರಿ? ಅದನ್ನ ಊರಾಗ ಬಿಟ್ಟು ಬಂದೀವಿ."

"ನಿಜವಾಗಿ ಬಿಟ್ಟು ಬಂದಿದ್ದೀರಾ?"

"ಬಿಟ್ಟು ಬಂದೀವಿ ಅನಕೊಂಡೀವ್ರಿ" ಎಂದರು. ಈ ಮಾತು ಮೊದಲ ಪುಸ್ತಕಕ್ಕೂ ಹೋಯಿತು.

ಕೊನೆಯ ಶೆಡ್ಡಿನಲ್ಲಿ ಸುವರ್ಣಾ ಎಂಬ ಹುಡುಗಿ. ಇಪ್ಪತ್ತೊಂದು ವರ್ಷ, ಎರಡು ತಿಂಗಳ ಹೆಣ್ಣು ಕೂಸು. ಗಂಡ ಚನ್ನು ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ನಾನು ಹೋದಾಗ ವಯಸ್ಸಾದ ಹೆಂಗಸೊಬ್ಬರು ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿಕೊಂಡು ಎರೆಯುತ್ತಿದ್ದರು. ಹರಳೆಣ್ಣೆ, ಬಿಸಿನೀರು, ಹಬೆ. ಅವರ ಹೆಸರು ಸಾಬಮ್ಮ. ಇಲ್ಲಿನ ಕೂಸುಗಳಿಗೆಲ್ಲ ಅವರೇ ಎರೆಯುತ್ತಾರಂತೆ. ಹತ್ತು ಬೆರಳೂ ಬೇರೆ ಬೇರೆ ಕೆಲಸ ಮಾಡುತ್ತಿದ್ದವು. ನೋಡುತ್ತ ನಿಂತುಬಿಟ್ಟೆ.

ನವೆಂಬರ್ 28

ಇವತ್ತಿಗೆ ಒಂಬತ್ತು ಜನರನ್ನು ಮಾತಾಡಿಸಿದಂತಾಯಿತು. ನನ್ನ ಪಟ್ಟಿಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿವೆ. ಹದಿಮೂರರವರೆಗೆ ಎಲ್ಲರೂ ನಗುತ್ತಾ ಉತ್ತರಿಸುತ್ತಾರೆ. ಊರಿನಲ್ಲಿ ತಾನಾಗಿ ಬೆಂಕಿ ಹತ್ತಿದ ಸೀರೆ, ಅನ್ನದಲ್ಲಿ ಕಾಣಿಸಿದ ಕೂದಲು, ನಾಯಿಯಂತೆ ಬೊಗಳಿದ ಸೊಸೆ. ಎಲ್ಲ ಊರಿನವು, ಎಲ್ಲ ಹಳೆಯವು. ಹದಿನಾಲ್ಕನೆಯದು: "ಇಲ್ಲಿ ಯಾರಿಗಾದರೂ ಈ ವಿದ್ಯೆ ಬರುತ್ತದೆ ಎಂದು ಜನ ತಿಳಿದಿದ್ದಾರೆಯೇ?" ಅಲ್ಲಿ ನಗು ನಿಲ್ಲುತ್ತದೆ. ಇಲ್ಲ ಎನ್ನುತ್ತಾರೆ. ಇವತ್ತು ಒಬ್ಬಾಕೆ ಇಲ್ಲ ಎನ್ನುವ ಮೊದಲು ಬಾಗಿಲಾಚೆ ಒಂದು ಶೆಡ್ಡಿನ ಕಡೆ ನೋಡಿದಳು. ಗುರುತು ಹಾಕಿಕೊಂಡೆ. ಅದು ಸಾಬಮ್ಮನವರ ಶೆಡ್ಡು.

ಮಧ್ಯಾಹ್ನ ಯಾರೋ ಒಣಮೆಣಸಿನಕಾಯಿ ಹುರಿದರು. ಶೆಡ್ಡುಗಳ ಹಿಂದೆ ಓಡಿಹೋಗಿ ವಾಂತಿ ಮಾಡಿಕೊಂಡೆ. ಯಾರೂ ನೋಡಲಿಲ್ಲ ಅಂದುಕೊಂಡರೆ ಸಾಬಮ್ಮ ಚೊಂಬು ಹಿಡಿದು ನಿಂತಿದ್ದರು. ಹಣೆ ಹಿಡಿದುಕೊಂಡರು.

"ಬಿಸಿಲಿಗೆ ಇರಬೇಕು" ಎಂದೆ.

"ಹೂಂ ಯವ್ವಾ, ಬಿಸಲಿಗೇ" ಎಂದರು. ಆಕಾಶದಲ್ಲಿ ಮೋಡ ಕವಿದಿತ್ತು.

ಆಮೇಲೆ ಅವರ ಶೆಡ್ಡಿನಲ್ಲಿ ಕೂತೆ. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತು ಹನ್ನೊಂದು ವರ್ಷ. ಅದಕ್ಕೂ ಮೊದಲು ಎರಡು ಕೂಸು ಹೋದವು. ಚಿಕ್ಕದಕ್ಕೆ ಐದು ತಿಂಗಳಾಗಿತ್ತಂತೆ. ಅಳಲಿಲ್ಲ, ರೊಟ್ಟಿ ಬಡಿಯುತ್ತಲೇ ಹೇಳಿದರು. "ಬರಕೋ, ಬರಕೋ. ನಮ್ಮನ್ಯಾಗಿನ ಸುದ್ದಿ ಯಾರೂ ಇಲ್ಲೀತನ ಬರಕೊಂಡಿಲ್ಲ." ಹೊರಡುವಾಗ ಒಂದು ಡಬ್ಬಿ ಶೇಂಗಾ ಹಿಂಡಿ, ಅವರ ಕಡೆಯ ಚಟ್ನಿಪುಡಿ, ಕೊಟ್ಟರು. ಈ ಕ್ಷೇತ್ರದಲ್ಲಿ ನನಗೆ ನಿಜವಾಗಿ ಇಷ್ಟವಾದ ಮೊದಲ ಮನುಷ್ಯರು.

ಡಿಸೆಂಬರ್ 6

ಸರ್ ಪ್ರಶ್ನೆಪಟ್ಟಿ ನೋಡಿದರು. ಹದಿನಾಲ್ಕರ ಮೇಲೆ ಪೆನ್ಸಿಲ್ ಇಟ್ಟರು.

"ಇದನ್ನು ತೆಗಿ."

"ಯಾಕೆ ಸರ್? ಉಳಿದದ್ದೆಲ್ಲ ಇದಕ್ಕೇ ದಾರಿ."

"ಅದಕ್ಕೇ ತೆಗಿ. ನಲವತ್ತು ಮನೆಗೆ ಹೋಗಿ ನಲವತ್ತು ಸಲ 'ಇಲ್ಲಿ ಯಾರು' ಅಂತ ಕೇಳಿದರೆ, ನಲವತ್ತೊಂದನೇ ದಿನ ಅಲ್ಲಿ ಯಾರಾದರೂ ಇರುತ್ತಾರೆ."

ಮಾತು ಚೆನ್ನಾಗಿದೆ. ಆದರೆ ಅರ್ಧ ದಾರಿಯಲ್ಲಿ ಪ್ರಶ್ನೆ ತೆಗೆದರೆ ಮೊದಲ ಹದಿನಾಲ್ಕು ಮನೆಗಳ ಉತ್ತರ ವ್ಯರ್ಥ. ಪದ ಸ್ವಲ್ಪ ಮೆತ್ತಗೆ ಮಾಡಿದ್ದೇನೆ. ಪ್ರಶ್ನೆ ಇದೆ.

ಡಿಸೆಂಬರ್ 13

ಬೆಳಿಗ್ಗೆ ಒಂದು ಚುಕ್ಕೆ ರಕ್ತ. ತೊಗರಿಬೇಳೆಯಷ್ಟು. ಡಾಕ್ಟರಿಗೆ ಫೋನ್ ಮಾಡಿದೆ. ಓಡಾಡಬೇಡಿ, ಮತ್ತೆ ಕಾಣಿಸಿದರೆ ಬನ್ನಿ ಎಂದರು. ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು. ಸುವರ್ಣಾಳ ಕೂಸಿಗೆ ಜ್ವರ ಅಂತ ಸುದ್ದಿ ಬಂದಿತ್ತು. ಹೋದೆ.

ನಿನ್ನೆ ಅಮಾವಾಸ್ಯೆ. ಶೆಡ್ಡುಗಳ ನಡುವಿನ ದಾರಿಯಲ್ಲಿ ನಿಂಬೆಹಣ್ಣಿನ ಹೋಳು, ಕುಂಕುಮ. ಇದುವರೆಗೆ ಅಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಫೋಟೋ ತೆಗೆದುಕೊಂಡೆ.

ಕೂಸಿನ ಜ್ವರ ಇಳಿದಿತ್ತು. ಸಾಬಮ್ಮ ಅದನ್ನು ಎತ್ತಿಕೊಂಡು ಅಡ್ಡಾಡುತ್ತಿದ್ದರು. ನನ್ನನ್ನು ನೋಡಿ ಕೂಸನ್ನು ಸುವರ್ಣಾಳ ಕೈಗೆ ಕೊಟ್ಟು ಹತ್ತಿರ ಬಂದು, ಕೇಳದೆ, ಅಂಗೈ ನನ್ನ ಹೊಟ್ಟೆಯ ಮೇಲಿಟ್ಟರು.

"ಮೂರನೇದು ನಡದೈತಿ ಅಲ್ಲೇನು? ಕೆಳಗ ಕುಂತೈತಿ ಯವ್ವಾ. ಜ್ವಾಕಿ. ಭಾರ ಎತ್ತಬ್ಯಾಡ, ಈ ಬಿಸಲಾಗ ತಿರಗಬ್ಯಾಡ."

ಕೈ ಬೆಚ್ಚಗಿತ್ತು. ಹರಳೆಣ್ಣೆಯ ವಾಸನೆ. ನಗಲು ಹೋದೆ, ನಗು ಬರಲಿಲ್ಲ.

ಡಿಸೆಂಬರ್ 14

ರಕ್ತ. ಆಸ್ಪತ್ರೆಗೆ ಹೊರಟಿದ್ದೇವೆ.

ಡಿಸೆಂಬರ್ 16

ಇದೆ. ಎದೆಬಡಿತ ಕೇಳಿಸಿದರು. ಓಡುವ ಕುದುರೆಯ ಹಾಗೆ. ಪವನ ಗೋಡೆಯ ಕಡೆ ತಿರುಗಿ ನಿಂತಿದ್ದ.

ಡಾಕ್ಟರ್ ಹೇಳಿದ್ದು: "ಮಾಸು ಕೆಳಗೆ ಕೂತಿದೆ. ಬೆಳೀತಾ ಮೇಲೆ ಹೋಗುತ್ತೆ, ಬಹಳ ಜನಕ್ಕೆ ಹಾಗೇ ಆಗುತ್ತೆ. ಅಲ್ಲೀತನಕ ಮಲಗಿರಿ."

ಕೆಳಗೆ ಕೂತಿದೆ. ಅದೇ ಮಾತು.

ಡಿಸೆಂಬರ್ 22

ಮಂಚ, ಫ್ಯಾನು, ಕಿಟಕಿ. ಪವನ ಕಾರ್ಖಾನೆಗೆ ಹೋದ ಮೇಲೆ, ಅಮ್ಮ ಸ್ನಾನಕ್ಕೆ ಹೋದ ಮೇಲೆ, ಹನ್ನೊಂದು ಗಂಟೆಯ ಹೊತ್ತು ಇದೆಯಲ್ಲ, ಅದು ದಾಟುವುದೇ ಇಲ್ಲ. ಎದುರು ಮನೆಯ ಗೋಡೆಯ ಮೇಲೆ ಬಿಸಿಲು ನಿಂತೇ ಇರುತ್ತದೆ.

ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲವಂತೆ.

"ಯಾರ ಕಣ್ಣೋ ಬಿದ್ದಿದೆ ಕಣೇ. ಆ ಶೆಡ್ಡಿನಲ್ಲಿ ಯಾರ ಕೈಲಾದ್ರೂ ಏನಾದ್ರೂ ತಿಂದ್ಯಾ?"

"ಅಮ್ಮಾ, ನಾನು ಓದ್ತಿರೋದೇ ಇದನ್ನ."

"ಓದ್ತಿದ್ರೆ ಮೈಗೆ ತಾಗಲ್ವಾ?" ಎಂದಳು ಅಮ್ಮ. ಜಿಲ್ಲೆ ಬಿಟ್ಟು ಬಂದು ಮೂವತ್ತೈದು ವರ್ಷವಾದರೂ ಚಿತ್ರದುರ್ಗದ ಅಜ್ಜಿಯರು ಅವಳ ಬಾಯಲ್ಲಿ ಮಾತಾಡುತ್ತಾರೆ. ಇದನ್ನು ಮೊದಲ ಪುಸ್ತಕಕ್ಕೆ ಬರೆಯಬೇಕು ಎಂದುಕೊಂಡೆ. ಬರೆಯಲಿಲ್ಲ.

ಒಂದು ಪ್ರಶ್ನೆ ಮಾತ್ರ ಬಿಡುತ್ತಿಲ್ಲ. ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಸಾಬಮ್ಮಳಿಗೆ ಹೇಗೆ ಗೊತ್ತಾಯಿತು?

ಡಿಸೆಂಬರ್ 27

ಹರಳೆಣ್ಣೆಯ ವಾಸನೆ. ಮನೆಯಲ್ಲಿ ಯಾರೂ ಇರಲಿಲ್ಲ. ದಿಂಬು ಮೂಸಿದೆ, ಹೊದಿಕೆ ಮೂಸಿದೆ. ಅಮ್ಮ ಮಾರ್ಕೆಟ್ಟಿನಿಂದ ಬಂದ ಮೇಲೆ ಕೇಳಿದೆ. ಮೊದಲು ಇಲ್ಲ ಎಂದಳು. ಬಾಗಿಲಿನ ಹತ್ತಿರ ನಿಂತು ಇನ್ನೊಮ್ಮೆ ಉಸಿರೆಳೆದುಕೊಂಡು, "ಹೌದಲ್ಲೇ" ಎಂದಳು.

ಡಿಸೆಂಬರ್ 30

ಸುವರ್ಣಾ ಫೋನ್ ಮಾಡಿದ್ದಳು. ಕೂಸಿಗೆ ಮತ್ತೆ ಜ್ವರ ಬಂದು ಕಣ್ಣು ಮೇಲೆ ಸಿಕ್ಕಿಸಿತಂತೆ. ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ. ಅವಳು ವರಾಂಡದಲ್ಲಿ ಕೂತು ಮಾತಾಡುತ್ತಿದ್ದಳು. ಹಿಂದೆ ಯಾರೋ ತೆಲುಗಿನಲ್ಲಿ ಟೋಕನ್ ನಂಬರು ಕೂಗುತ್ತಿದ್ದರು.

"ಅಕ್ಕಾರ, ಒಂದ್ ಮಾತ್ರಿ. ನಿಮ್ಮ ಪುಸ್ತಕದಾಗ ಆ ಪ್ರಶ್ನೆಕ್ಕ ಯಾರ ಹೆಸರು ಬರದೀರಿ?"

"ಯಾರದ್ದೂ ಬರೆದಿಲ್ಲ ಸುವರ್ಣಾ. ಯಾರೂ ಹೇಳಲಿಲ್ಲ."

"ನೀವು ಯಾಕ ಬರವಲ್ರಿ ಈಗ?"

ಹೇಳಿದೆ. ಮಲಗಿ ಮಲಗಿ ಯಾರಿಗಾದರೂ ಹೇಳಬೇಕಿತ್ತು. ನಾನು ಬಸುರಿ ಎಂದೂ, ಯಾರಿಗೂ ಹೇಳಿರಲಿಲ್ಲವೆಂದೂ, ಅಮಾವಾಸ್ಯೆ ದಿನ ಸಾಬಮ್ಮ ತಾನಾಗಿ ಬಂದು ಹೊಟ್ಟೆ ಮುಟ್ಟಿದಳೆಂದೂ, ಅದುವರೆಗೆ ಏನೂ ಇರಲಿಲ್ಲ, ಮಾರನೆಯ ದಿನವೇ ರಕ್ತ ಹೋಯಿತೆಂದೂ.

ಆ ಕಡೆ ಮತ್ತೊಂದು ಟೋಕನ್ ನಂಬರು ಕೂಗಿದರು.

"ಕೂಸಿಗೆ ದಿನಾ ಆಕಿನೇ ಎರಿತಾಳ್ರಿ ಅಕ್ಕಾರ" ಎಂದಳು.

ನಾನು ಅದಕ್ಕೆ ಏನೂ ಹೇಳಲಿಲ್ಲ. ನನಗಾದದ್ದನ್ನು ಹೇಳಿದೆ, ಅಷ್ಟೇ. ಯಾರ ಮೇಲೂ ಏನನ್ನೂ ಹೊರಿಸಲಿಲ್ಲ. ಫೋನ್ ಇಟ್ಟ ಮೇಲೆ ಎಷ್ಟೋ ದಿನದ ನಂತರ ನಿದ್ದೆ ಬಂತು.

ಜನವರಿ 4, 2024

ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಈಗ ಅಮ್ಮ ಸುಟ್ಟುಬಿಡುತ್ತಾಳೆ. ಅಮ್ಮನ ಸಮಾಧಾನಕ್ಕೆ ಒಪ್ಪಿಕೊಂಡಿದ್ದೇನೆ. ಇವತ್ತು ಅವಳು ಮರೆತಿದ್ದಳು, ನಾನೇ ನೆನಪಿಸಿದೆ.

ಶೇಂಗಾ ಹಿಂಡಿಯ ಡಬ್ಬಿಯನ್ನು ಎಸೆಯಲು ಪವನನಿಗೆ ಹೇಳಿದೆ. ನಮ್ಮ ಮನೆಯ ಕಸದಲ್ಲಿ ಬೇಡ, ಮುಖ್ಯ ರಸ್ತೆಯ ಆಚೆ.

"ಯಾಕೆ? ಚೆನ್ನಾಗೇ ಇದೆಯಲ್ಲ. ನಾನು ಅರ್ಧ ಖಾಲಿ ಮಾಡಿದ್ದೀನಿ."

"ಯಾವಾಗ ತಿಂದೆ?"

"ದಿನಾ ತಿಂತಿದ್ದೆ, ಚಪಾತಿ ಜೊತೆ. ಯಾಕೆ ಸಂಯು, ಹಾಗೆ ನೋಡ್ತೀಯಲ್ಲ?"

ಅವನ ಮುಖವನ್ನು ಸಂಜೆಯವರೆಗೂ ಗಮನಿಸಿದೆ. ಏನೂ ಆಗಿಲ್ಲ.

ಜನವರಿ 7

ಬೆಳಿಗ್ಗೆ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ ಫೋನ್. ತೆರೆಯ ಮೇಲೆ ಸಾಬಮ್ಮ ಎಂದು ಬಂತು. ಎತ್ತಲಿಲ್ಲ. ದನಿ ಕೂಡ ಯಾಕೆ ಕೇಳಬೇಕು? ಕಂಪಿಸುತ್ತಾ ಮಂಚದ ಅಂಚಿನವರೆಗೆ ಹೋದ ಫೋನನ್ನು ಟವೆಲಿನಿಂದ ಎತ್ತಿ ದೂರ ಇಟ್ಟೆ.

ಜನವರಿ 8

ನಾಲ್ಕು ಸಲ.

ಜನವರಿ 10

ಸುವರ್ಣಾಳ ಕೂಸು ನಿನ್ನೆ ಮಧ್ಯಾಹ್ನ ಹೋಯಿತು. ಅಂಬಣ್ಣ ತಿಳಿಸಿದರು. ಜ್ವರ ಮೆದುಳಿಗೆ ಏರಿತ್ತು ಎಂದು ಡಾಕ್ಟರು ಹೇಳಿದರಂತೆ. ನಾಳೆ ಎಳ್ಳಮಾವಾಸ್ಯೆ, ಎಲ್ಲ ಊರಿಗೆ ಹೋಗಬೇಕಿತ್ತು, ಈಗ ಯಾರೂ ಹೋಗುತ್ತಿಲ್ಲ ಎಂದರು.

ನಾಲ್ಕು ತಿಂಗಳೂ ತುಂಬಿರಲಿಲ್ಲ. ಮೊದಲ ಸಲ ನೋಡಿದಾಗ ನೀರು ಹುಯ್ದ ಕೂಡಲೇ ಬಾಯಿ ತೆರೆದು, ಅಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ ಮುಖ.

ಅಳುತ್ತಲೇ ನನ್ನೊಳಗೆ ಒಂದು ಯೋಚನೆ ಬಂತು. ನನ್ನದು ಉಳಿದಿದೆ. ಬಂದ ಕೂಡಲೇ ತಳ್ಳಿಹಾಕಿದೆ. ಆದರೆ ಬಂದಿತ್ತು.

ಜನವರಿ 12

ಅಂಬಣ್ಣನವರ ಫೋನ್ ಮತ್ತೆ. ಮೊದಲು ಅರ್ಥವಾಗಲಿಲ್ಲ, ಉಸಿರು ಸಿಗದೆ ಮಾತಾಡುತ್ತಿದ್ದರು.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಚನ್ನು ಮತ್ತು ಇನ್ನಿಬ್ಬರು ಸಾಬಮ್ಮಳನ್ನು ಶೆಡ್ಡಿನಿಂದ ಹೊರಗೆಳೆದು ಹೊಡೆದಿದ್ದಾರೆ. ಮಂತ್ರ ಬಾಯಲ್ಲಿ ನಿಲ್ಲಬಾರದು ಅಂತ ಕಲ್ಲಿನಿಂದ ಮುಂದಿನ ಹಲ್ಲು ಮುರಿದಿದ್ದಾರೆ. ಹೆಂಗಸರು ಸುತ್ತ ನಿಂತಿದ್ದರಂತೆ. ಅಂಬಣ್ಣ ಕಟ್ಟಡದ ಮೇಲಿಂದ ಇಳಿದು ಬರುವಷ್ಟರಲ್ಲಿ ಎಲ್ಲ ಆಗಿತ್ತು.

"ಪೊಲೀಸ್ರು ಬಂದು ಚನ್ನುನ್ನ ಒಯ್ದಾರ್ರಿ. ಆಂವ ನಿಮ್ಮ ಹೆಸರು ಹೇಳಾಕತ್ತಾನ. ಓದಿದ ಅಕ್ಕಾನೇ ಹೇಳ್ಯಾಳ, ಸಾಬಮ್ಮ ಆಕಿ ಹೊಟ್ಟೀಗೂ ಕೈ ಹಾಕ್ಯಾಳಂತ, ಅಂದಾನ."

"ನಾನು ಹಾಗೆ ಹೇಳಲೇ ಇಲ್ಲ."

"ನನಗೇನು ಗೊತ್ರಿ" ಎಂದರು. ಆಮೇಲೆ: "ಒಂದು ವಾರದಿಂದ ಮಂದಿ ಆಕಿನ್ನ ನಳದ ಹತ್ತರ ಬಿಡ್ತಿರಲಿಲ್ರಿ. ನಿಮಗ ಫೋನ್ ಹಚ್ಚತಿದ್ಲು. ಓದಿದಾಕಿ ಬಂದು ಒಂದ್ ಮಾತು ಹೇಳಿದ್ರ ಇವ್ರು ಕೇಳತಾರ ಅಂತಿದ್ಲು."

ಜನವರಿ 13

ಭಾನಾಮತಿ ಎಂಬ ಪದವನ್ನು ನಾನು ಬಳಸಿಲ್ಲ.

ಜನವರಿ 14

ಫೋನಿನಲ್ಲಿ ನಾನು ಹೇಳಿದ್ದು ನಡೆದದ್ದನ್ನು ಮಾತ್ರ. ಹೊಟ್ಟೆ ಮುಟ್ಟಿದಳು. ರಕ್ತ ಹೋಯಿತು. ಇದರಲ್ಲಿ ಸುಳ್ಳೇನಿದೆ?

ಜನವರಿ 16

ಚಂದ್ರಕಾಂತ ಸರ್ ಮನೆಗೆ ಬಂದಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅಮ್ಮ ಕೊಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದೇ ಕೂತಿದ್ದರು.

"ಪ್ರಶ್ನೆ ತೆಗೆದಿರಲಿಲ್ಲ ಅಲ್ಲವಾ?"

"ಇಲ್ಲ ಸರ್."

"ಠಾಣೆಯಿಂದ ಕರೆ ಬಂದೇ ಬರುತ್ತೆ. ಬರುವ ಮೊದಲೇ ನೀನೇ ಹೋಗು. ಏನಾಯಿತು, ಯಾವ ದಿನ, ಯಾವ ಹೊತ್ತು, ಎಲ್ಲ ಸರಿಯಾಗಿ ಬರೆದುಕೊಂಡು ಹೋಗು. ದಿನಾಂಕ ಮುಖ್ಯ."

ನನಗೆ ಎಲ್ಲ ಬಾಯಿಪಾಠ ಇದೆ ಎಂದೆ.

ಜನವರಿ 17

ಹೇಳಿಕೆ ಬರೆಯಲು ಕೂತೆ. ಡಿಸೆಂಬರ್ 12, ಅಮಾವಾಸ್ಯೆ, ಎಂದು ಬರೆದು, ಖಚಿತ ಮಾಡಿಕೊಳ್ಳಲು ಈ ಪುಸ್ತಕ ತೆಗೆದೆ.

ಹದಿಮೂರು. ಅಮಾವಾಸ್ಯೆ ಅದರ ಹಿಂದಿನ ದಿನ.

ಮತ್ತು ಆ ಪುಟದ ಮೊದಲ ಸಾಲು. ಬೆಳಿಗ್ಗೆ ಒಂದು ಚುಕ್ಕೆ ರಕ್ತ. ನನ್ನದೇ ಅಕ್ಷರ. ಅವರ ಕೈ ನನ್ನ ಮೈಗೆ ತಾಗುವುದಕ್ಕೆ ನಾಲ್ಕೈದು ಗಂಟೆ ಮೊದಲು.

ಮೂರು ಸಲ ಓದಿದೆ. ನಾಲ್ಕನೆಯ ಸಲ ಪವನನಿಂದ ಓದಿಸಿದೆ. ಬೇರೆ ಯಾರೋ ನನ್ನ ಪುಸ್ತಕದಲ್ಲಿ ಬರೆದಿಟ್ಟಂತೆ ಕಾಣುತ್ತಿತ್ತು. ಆ ಬೆಳಗನ್ನು ನಾನು ಮರೆತಿರಲಿಲ್ಲ, ಅದನ್ನು ಮರೆಯಲು ಹೇಗೆ ಸಾಧ್ಯ? ಆದರೆ ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿ ಮೊದಲು ಕೈ ಬರುತ್ತಿತ್ತು, ಆಮೇಲೆ ರಕ್ತ. ಸುವರ್ಣಾಳಿಗೆ ಹೇಳುವಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ಕ್ಷಣಕ್ಕೂ ಅನಿಸಿರಲಿಲ್ಲ. ಅದೇ ಭಯ.

ಹಿಂದಕ್ಕೆ ತಿರುವಿದೆ. ನವೆಂಬರ್ 28. ವಾಂತಿ, ಚೊಂಬು, ಬಿಸಲಿಗೇ. ಅವರಿಗೆ ಹೇಗೆ ಗೊತ್ತಾಯಿತು ಎಂದು ವಾರಗಟ್ಟಲೆ ಸೂರು ನೋಡುತ್ತಾ ಮಲಗಿದ್ದೆನಲ್ಲ.

ಜನವರಿ 19

ಡಾಕ್ಟರ್ ಒಂದೆರಡು ಗಂಟೆ ಹೊರಗೆ ಹೋಗಿಬರಲು ಒಪ್ಪಿದರು. ಪವನ ರಜೆ ಹಾಕಿ ಕಾರು ಬಾಡಿಗೆಗೆ ತಂದ.

ಮೊದಲು ಠಾಣೆ. ನಾನು ಬರೆದು ತಂದದ್ದನ್ನು ಇನ್ಸ್‌ಪೆಕ್ಟರ್ ಓದಿದರು. ನೀವು ಹೊಡೆಯಿರಿ ಎಂದು ಹೇಳಿಲ್ಲವಲ್ಲ ಮೇಡಂ, ಹೆಂಗಸರು ಫೋನಿನಲ್ಲಿ ನೂರು ಮಾತಾಡುತ್ತಾರೆ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಯಾಕೆ ಕೋರ್ಟು ಕಚೇರಿ, ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದರು. ಕಾಗದವನ್ನು ಹಿಂದಕ್ಕೆ ತಳ್ಳಿದರು. ನಾನು ಮತ್ತೆ ಅವರ ಕಡೆಗೆ ತಳ್ಳಿದೆ. ಮೂರನೆಯ ಸಲಕ್ಕೆ ಇಟ್ಟುಕೊಂಡು ಸಹಿ ಹಾಕಿಸಿಕೊಂಡರು. ನನ್ನನ್ನು ಸಾಕ್ಷಿ ಎಂದು ಬರೆದುಕೊಂಡಿದ್ದಾರೆ. ಸಾಕ್ಷಿ.

ಆಮೇಲೆ ಶೆಡ್ಡು. ನಾನು ನಡೆದು ಬರುತ್ತಿದ್ದಂತೆ ಹೆಂಗಸರು ಒಳಗೆ ಹೋದರು. ಸಾಬಮ್ಮನವರ ಶೆಡ್ಡಿನ ತಗಡು ಬಿಚ್ಚಿಕೊಂಡು ಹೋಗಿದ್ದರು, ನಾಲ್ಕು ಕಂಬ ನಿಂತಿದ್ದವು. ಸುವರ್ಣಾ ಮೂಲೆಯಲ್ಲಿ ಕೂತಿದ್ದಳು. ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು, ಹಾಲಿಗೆ.

ಹೇಳಿದೆ. ನಾನು ತಪ್ಪು ಹೇಳಿದ್ದೆ ಎಂದು. ರಕ್ತ ಮೊದಲೇ ಹೋಗಿತ್ತು ಎಂದು. ಪುಸ್ತಕ ಕೂಡ ತೆಗೆದು ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ ಎಂಬುದು ತೋರಿಸಿದ ಮೇಲೆ ನೆನಪಾಯಿತು.

ಅವಳು ಪುಟವನ್ನೇ ನೋಡುತ್ತಿದ್ದಳು.

"ಈಗ ಯಾಕ ಹೇಳಾಕತ್ತೀರಿ ಅಕ್ಕಾರ?"

"ಸತ್ಯ ಅದು ಸುವರ್ಣಾ. ಸಾಬಮ್ಮನವರಿಂದ ಏನೂ ಆಗಿಲ್ಲ."

"ಮತ್ತ ಯಾರಿಂದ ಆತು?"

"ಜ್ವರದಿಂದ. ಡಾಕ್ಟರು..."

"ಜ್ವರ ಎಲ್ಲಾ ಕೂಸಿಗೂ ಬರ್ತಾವ್ರಿ. ನನ್ನ ಕೂಸೇ ಯಾಕ?" ದನಿ ಏರಲಿಲ್ಲ. "ನಂಗ ಇದೊಂದು ಕಾರಣ ಇತ್ರಿ. ನನ್ನ ಗಂಡ ಜೇಲಿನಾಗ ಕುಂತಾನ. ಇದನ್ನೂ ಕಸ್ಕೊಂಡ್ರ ನಾ ಏನ್ ಹಿಡಕೊಂಡು ಕುಂಡರ್ಲಿ? ಹೋಗ್ರಿ."

ಹೊರಗೆ ಬಂದೆ. ಆ ಪ್ರಶ್ನೆಗೆ ನಾನು ಐದು ವರ್ಷ ಓದಿದ ವಿಷಯದಲ್ಲಿ ಎಷ್ಟೊಂದು ಒಳ್ಳೆಯ ಉತ್ತರಗಳಿವೆ.

ಫೆಬ್ರವರಿ 2

ಪ್ರಬಂಧ ಬಿಡುತ್ತೇನೆ ಎಂದು ಸರ್‌ಗೆ ಹೇಳಿದೆ. ಬಿಡಬೇಕೆಂದಿದ್ದರೆ ಬಿಡು, ಆದರೆ ತಪ್ಪಿಸಿಕೊಳ್ಳಲು ಬಿಡಬೇಡ ಎಂದರು. ಬರೆಯುವುದಾದರೆ ನಿನ್ನನ್ನೂ ಅದರಲ್ಲಿ ಹಾಕಿ ಬರಿ.

ಸ್ಕ್ಯಾನಿನಲ್ಲಿ ಮಾಸು ಸ್ವಲ್ಪ ಮೇಲೆ ಹೋಗಿದೆ. ನಡೆದಾಡಬಹುದು. ಅಮ್ಮ ಇನ್ನೂ ಕೂದಲು ಸುಡುತ್ತಾಳೆ. ಬೇಡ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ನಾಳೆ ಹೇಳುತ್ತೇನೆ.

ಫೆಬ್ರವರಿ 18

ಸಾಬಮ್ಮ ಇರುವುದು ಉಪ್ಪಲ್‌ನಲ್ಲೇ. ಕ್ರಿಕೆಟ್ ಸ್ಟೇಡಿಯಮ್ಮಿನ ಹಿಂದೆ, ನಮ್ಮ ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಕ್ಕನ ಮಗಳು ಭಾಗ್ಯಶ್ರೀ ತನ್ನ ಕೋಣೆಗೆ ಕರೆತಂದಿದ್ದಾಳೆ. ವಿಳಾಸ ಕೊಟ್ಟದ್ದು ಅಂಬಣ್ಣ. ಒಂದು ತಿಂಗಳಿಂದ ಅವರು ಇಷ್ಟು ಹತ್ತಿರ ಇದ್ದರು.

ಮಧ್ಯಾಹ್ನ ಹೋದೆ. ಭಾಗ್ಯಶ್ರೀ ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಹೋಗಿದ್ದಳು. ಬಾಗಿಲು ತೆರೆದೇ ಇತ್ತು. ಸಾಬಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಮುಖ ಅರ್ಧವಾಗಿತ್ತು. ಮೇಲಿನ ಹಲ್ಲು ನಾಲ್ಕು ಇಲ್ಲ. ನನ್ನನ್ನು ಗುರುತಿಸಿ ಸೆರಗು ಬಾಯಿಗೆ ಹಿಡಿದರು.

"ಬಾ ಯವ್ವಾ. ಐದು ನಡದೈತಿ ಅಲ್ಲ?" ಮಾತಿನ ನಡುವೆ ಗಾಳಿ ಹೋಗುತ್ತಿತ್ತು.

ಕೂತೆ. ಫೋನಿನಲ್ಲಿ ಸುವರ್ಣಾಳಿಗೆ ನಾನೇ ಹೇಳಿದ್ದು ಎಂದು ಮಾತ್ರ ಹೇಳಿದೆ.

"ಗೊತ್ತೈತಿ. ನಿನ್ನ ಹೆಸರು ಹೇಳೇ ಹೊಡದ್ರು."

ಅಷ್ಟರಲ್ಲಿ ಪಕ್ಕದ ಕೋಣೆಯ ಕೂಸು ಅಂಬೆಗಾಲಿಡುತ್ತಾ ಹೊಸ್ತಿಲು ದಾಟಿ ಒಳಗೆ ಬಂತು. ಸಾಬಮ್ಮ ಹಾವು ಕಂಡವರಂತೆ ಎದ್ದು ಮಂಚ ಹತ್ತಿ, ಎರಡೂ ಕೈಯನ್ನು ಕಂಕುಳಲ್ಲಿ ಇರುಕಿಕೊಂಡರು. "ಅರೇ ಅಮ್ಮಾಯ್, ಬಿಡ್ಡನಿ ತೀಸ್ಕೋ" ಎಂದು ತೆಲುಗಿನಲ್ಲಿ ಕೂಗಿದರು. ತಾಯಿ ನಗುತ್ತಾ ಬಂದು ಎತ್ತಿಕೊಂಡು ಹೋದಳು. ಅವಳಿಗೆ ಏನೂ ಗೊತ್ತಿಲ್ಲ. ಸಾಬಮ್ಮ ಇಳಿಯಲು ಬಹಳ ಹೊತ್ತು ತೆಗೆದುಕೊಂಡರು.

"ಒಂದು ಕೇಳ್ಲೇನು? ಸುಳ್ಳು ಹೇಳಬ್ಯಾಡ. ನೀ ಇದನ್ನೇ ಓದಿದಾಕಿ."

"ಕೇಳಿ."

"ಸುವರ್ಣಾನ ಕೂಸಿಗೆ ಎರಿಯೋ ಮುಂದ ನಂಗ ಒಮ್ಮೊಮ್ಮೆ ನನ್ನ ಸಣ್ಣಾಕಿ ನೆನಪಾಗತಿದ್ಲು. ಇದು ಬದುಕತೈತಿ, ಅದು ಯಾಕ ಹೋತು ಅಂತ ಅನಸ್ತಿತ್ತು. ಬಾಯಿಲೆ ಅಂದಿಲ್ಲ ಯವ್ವಾ. ಒಳಗ. ನಿನ್ನ ಹೊಟ್ಟಿ ಮುಟ್ಟಿದಾಗೂ ಅನಸ್ತು. ಅದರಿಂದ ಆಗೇತೇನು? ನಂಗೇ ತಿಳೀದಂಗ ನನ್ನ ಕೈಯಾಗ ಐತೇನು ಅದು?"

"ಇಲ್ಲ ಸಾಬಮ್ಮ. ಕೂಸಿಗೆ ಮೆದುಳಿನ ಜ್ವರ ಇತ್ತು. ನನಗೆ ನೀವು ಮುಟ್ಟುವ ಮೊದಲೇ..."

"ಅದೆಲ್ಲಾ ಡಾಕ್ಟರ್ ಹೇಳ್ಯಾರ. ನಾ ನಿನ್ನ ಕೇಳಾಕತ್ತೀನಿ."

"ನಿಮ್ಮಿಂದ ಏನೂ ಆಗಿಲ್ಲ. ನಿಮ್ಮ ಕೈಯಲ್ಲಿ ಏನೂ ಇಲ್ಲ."

ಅವರು ನನ್ನನ್ನೇ ನೋಡಿದರು. ಕೋಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಿತ್ತು ಅವರಿಗೆ.

"ಮತ್ತ ನೀ ಯಾಕ ಬಾಗಲಾಗ ಕುಂತೀದಿ?"

ಆಗ ನೋಡಿಕೊಂಡೆ. ಅವರು ಚಾಪೆ ಹಾಸಿದ್ದು ತಮ್ಮ ಪಕ್ಕದಲ್ಲಿ. ನಾನು ಹೊಸ್ತಿಲಿಗೆ ಬೆನ್ನು ಕೊಟ್ಟು, ಚಪ್ಪಲಿಯ ಹತ್ತಿರ ಕೂತಿದ್ದೆ. ಮಡಿಲಲ್ಲಿ ಬ್ಯಾಗನ್ನು ಹೊಟ್ಟೆಗೆ ಅಡ್ಡ ಹಿಡಿದಿದ್ದೆ. ಯಾವಾಗ ಹಾಗೆ ಕೂತೆನೋ ಗೊತ್ತಿಲ್ಲ.

ಬ್ಯಾಗು ಪಕ್ಕಕ್ಕಿಟ್ಟು ಎದ್ದು ಹೋಗಿ ಚಾಪೆಯ ಮೇಲೆ ಕೂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಅದನ್ನು ಇಲ್ಲಿ ಬರೆಯದಿದ್ದರೆ ಮತ್ತೆ ಸುಳ್ಳಾಗುತ್ತದೆ. ಸಾಬಮ್ಮ ಸರಿದು ಕೂತರು, ನನ್ನಿಂದ ಆಚೆಗೆ, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು. ನಾನೂ ಸರಿದೆ. ಅವರು ಇನ್ನೂ ಸರಿದರು. ಹಾಗೆ ಸರಿಯುತ್ತಾ ಸರಿಯುತ್ತಾ ಅವರ ಭುಜಕ್ಕೆ ಗೋಡೆ ಸಿಕ್ಕಿತು.

ಅಲ್ಲೇ ಕೂತೆವು. ಭಾಗ್ಯಶ್ರೀ ಕೆಲಸದಿಂದ ಬರುವವರೆಗೂ.